ಹೇಮಾವತಿಯಲ್ಲಿ ನೌಕಾವಿಹಾರ ಏಕಿಲ್ಲ?

ಯೂರೋಪಿನ ಡಾನ್ಯೂಬ್, ರೈನ್, ಮೋಸೆಲ್, ಡೋರೂ ಮೊದಲಾದ ನದಿಗಳಲ್ಲಿ ನೌಕೆಯನ್ನೇರಿ ವಾರಗಟ್ಟಲೆ ವಿಹರಿಸುವುದು ಪ್ರವಾಸಿಗಳಿಗೆ ಬಹು ಪ್ರಿಯವಾದ ಸಂಗತಿ. ಇಂತಹ ನೌಕೆ ತೇಲುವ ವಸತಿಗೃಹವೇ ಸರಿ. ಮಲಗುವ ಕೋಣೆ, ಊಟದ ಮನೆ, ಕುಳಿತು ನೋಡುವುದಕ್ಕೆ ಮೇಲಿನ ಅಟ್ಟ, ಎಲ್ಲವೂ ಅದರಲ್ಲಿ ಉಂಟು. ಸೈಕಲ್ಲಿನ ವೇಗವನ್ನು ಹೆಚ್ಚಾಗಿ ಮೀರದೆ ಅದು ಸಾಗುತ್ತಿರಲು, ಎರಡು ದಡಗಳಲ್ಲಿಯೂ ದ್ರಾಕ್ಷಿಯ ತೋಟಗಳೂ ಹಳೆಯ ಕೋಟೆಗಳೂ ಮೆಲ್ಲನೆ ಹಿಂದೆ ಸರಿಯುತ್ತವೆ. ಸಂಜೆಗೊಂದು ಊರು, ಆ ಊರಿನದೇ ರೊಟ್ಟಿ, ಆ ಊರಿನದೇ ಚೀಸ್, ಆ ಊರಿನದೇ ದ್ರಾಕ್ಷಾಮದ್ಯ.

ನಮ್ಮಲ್ಲಿಯೂ ನದಿಗಳಿಗೆ ಕೊರತೆಯಿಲ್ಲ. ಸಕಲೇಶಪುರ, ಬೆಳಗೋಡು, ಆಲೂರುಗಳ ಗುಡ್ಡಗಾಡಿನಲ್ಲಿ ಮೈದುಂಬಿ ಹರಿಯುವ ಹೇಮಾವತಿಯ ಸುತ್ತ ಕಾಫಿ ಇದೆ, ಏಲಕ್ಕಿ ಇದೆ, ಮೆಣಸಿದೆ, ಕಣಿವೆಯ ಗದ್ದೆಗಳಲ್ಲಿ ಬತ್ತವಿದೆ. ನೋಡುವುದಕ್ಕೆ ಮಂಜರಾಬಾದಿನ ಕೋಟೆಯೂ ಇದೆ. ಹೀಗಿದ್ದೂ ಈ ನದಿಯಲ್ಲಿ ಅಂತಹ ನೌಕೆ ಏಕಿಲ್ಲ? ಹಣವಿಲ್ಲ, ಯೋಜನೆಯಿಲ್ಲ ಎಂದು ಉತ್ತರಿಸಿ ಸುಮ್ಮನಾಗಬಹುದು. ಆದರೆ ಭೌತವಿಜ್ಞಾನ ಕೊಡುವ ಉತ್ತರ ಬೇರೆ. ನೆಲದ ಬೆಳೆಗೆ ಅದರದೇ ರುಚಿಯನ್ನು ಕೊಡುವುದರಲ್ಲಿ ಇಳಿಜಾರಿನ ಪಾತ್ರ ಬಹು ದೊಡ್ಡದು. ನೌಕೆಗೆ ಬೇಕಾದುದಾದರೋ ಸಮತಲವಾದ ನೀರು. ಈ ಎರಡನ್ನೂ ಒಂದೇ ನದಿಯಲ್ಲಿ ಕೂಡಿಸಬೇಕಾದರೆ ನದಿಯನ್ನೇ ತಿದ್ದಬೇಕು. ಆ ತಿದ್ದುಪಡಿಗೆ ಬೆಲೆಯುಂಟು. ಆ ಬೆಲೆ ಏನು, ಅದನ್ನು ಯಾರು ತೆತ್ತರು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇಳಿಜಾರು ಕೊಡುವ ರುಚಿ

ಮೊದಲು ದ್ರಾಕ್ಷಿಯನ್ನು ತೆಗೆದುಕೊಳ್ಳೋಣ. ಜರ್ಮನಿಯ ಮೋಸೆಲ್ ಕಣಿವೆ ಇರುವುದು ೫೦ ಡಿಗ್ರಿ ಉತ್ತರ ಅಕ್ಷಾಂಶದ ಸುತ್ತಮುತ್ತ. ವಿಷುವದ ದಿನ ನಡುಹಗಲಿನಲ್ಲಿಯೂ ಅಲ್ಲಿ ಸೂರ್ಯ ದಿಗಂತದಿಂದ ೪೦ ಡಿಗ್ರಿಗಿಂತ ಮೇಲೇರಲಾರ. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲದ ಮೇಲೆ ಹರಡಿಹೋಗುವುದರಿಂದ ಅದರ ಕಾವು ಕಡಿಮೆ. ಆದರೆ ದಕ್ಷಿಣಕ್ಕೆ ಮುಖ ಮಾಡಿ ೩೦ ಡಿಗ್ರಿ ಓರೆಯಾಗಿರುವ ಗುಡ್ಡದ ಮೈಗೆ ಅದೇ ಬಿಸಿಲು ಬಹುಮಟ್ಟಿಗೆ ನೇರವಾಗಿಯೇ ಬೀಳುತ್ತದೆ. ಲೆಕ್ಕ ಹಾಕಿದರೆ, ಸಮತಟ್ಟಾದ ಹೊಲಕ್ಕೆ ದೊರೆಯುವುದರ ಸುಮಾರು ಒಂದೂವರೆಯಷ್ಟು ಬಿಸಿಲು ಆ ಇಳಿಜಾರಿಗೆ ದೊರೆಯುತ್ತದೆ. ಇದರ ಮೇಲೆ ಅಲ್ಲಿನ ಕಪ್ಪು ಸ್ಲೇಟುಕಲ್ಲು ಹಗಲಿನ ಶಾಖವನ್ನು ಹೀರಿಕೊಂಡು ರಾತ್ರಿ ಬಳ್ಳಿಯ ಬುಡಕ್ಕೆ ಹಿಂದಿರುಗಿಸುತ್ತದೆ. ಕೆಳಗೆ ಹರಿಯುವ ನದಿಯೂ ಒಂದು ಶಾಖದ ಕಣಜವೇ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡುವುದಕ್ಕೆ ಅಷ್ಟೇ ತೂಕದ ಕಲ್ಲಿಗಿಂತ ಸುಮಾರು ಐದರಷ್ಟು ಶಾಖ ಬೇಕು. ತಣ್ಣಗಾಗುವಾಗ ಅಷ್ಟನ್ನೂ ನೀರು ಬಿಟ್ಟುಕೊಡುತ್ತದೆ. ಹೀಗಾಗಿ ದಡದ ತೋಟಗಳಿಗೆ ಹಿಮದ ಭಯ ಕಡಿಮೆ. ಬ್ರೆಮ್ ಎಂಬ ಊರಿನ ಕಾಲ್ಮೋಂಟ್ ಗುಡ್ಡದಲ್ಲಿ ೬೦ ಡಿಗ್ರಿಗೂ ಮೀರಿದ ಕಡಿದಾದ ಮೈಯಲ್ಲಿ ಜನ ದ್ರಾಕ್ಷಿ ಬೆಳೆಯುತ್ತಿರುವುದು ಹುಚ್ಚು ಸಾಹಸದಿಂದಲ್ಲ. ಆ ಇಳಿಜಾರೇ ಅವರ ಬಂಡವಾಳ.

ಬೆಳಗೋಡಿನ ಸುತ್ತಿನ ಗುಡ್ಡಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ನಾವಿರುವುದು ೧೩ ಡಿಗ್ರಿ ಅಕ್ಷಾಂಶದ ಬಳಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮೂರನೆಯ ವಾರದಲ್ಲಿಯೂ, ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಇಲ್ಲಿ ಬಿಸಿಲನ್ನು ಕೂಡಿಸುವ ಕಷ್ಟವಿಲ್ಲ, ಕಳೆಯುವ ಕಷ್ಟವಿದೆ. ಅದಕ್ಕಾಗಿಯೇ ನಮ್ಮ ಕಾಫಿಯ ಗಿಡ ಅತ್ತಿ, ಹಲಸು, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಆ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬುತ್ತದೆ. ಹಾಗಾದರೆ ಇಳಿಜಾರಿನಿಂದ ನಮಗೇನು ಪ್ರಯೋಜನ? ಮಳೆಗಾಲದ ನೀರು ಬೇರಿನಲ್ಲಿ ನಿಂತರೆ ಕಾಫಿ ಕೊಳೆಯುತ್ತದೆ. ಇಳಿಜಾರು ಆ ನೀರನ್ನು ಇಳಿಸಿ ಕಣಿವೆಗೆ ಕಳಿಸುತ್ತದೆ; ಕಣಿವೆಯಲ್ಲಿ ನಿಂತ ಅದೇ ನೀರು ಬತ್ತಕ್ಕೆ ಜೀವ. ಮೇಲೆ ಕಾಫಿ, ಕೆಳಗೆ ಗದ್ದೆ ಎಂಬ ಮಲೆನಾಡಿನ ವಿನ್ಯಾಸವನ್ನು ಗೀಚಿದುದು ಗುರುತ್ವಾಕರ್ಷಣೆಯೇ.

ಪರ್ವತ ಮಾಡುವ ಇನ್ನೊಂದು ಕೆಲಸವೂ ಉಂಟು. ಕಡಲಿನಿಂದ ಬರುವ ತೇವದ ಗಾಳಿ ಘಟ್ಟವನ್ನೇರುವಾಗ ಹಿಗ್ಗಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತನ್ನ ತೇವವನ್ನು ಹೊರಲಾರದೆ ಮಳೆಯಾಗಿ ಸುರಿಸುತ್ತದೆ. ಘಟ್ಟದ ನೆತ್ತಿಯನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಅದು ಮತ್ತೆ ಕುಗ್ಗಿ ಬಿಸಿಯಾಗಿ ಒಣಗುತ್ತದೆ. ಆದುದರಿಂದಲೇ ಸಕಲೇಶಪುರದಲ್ಲಿ ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಅದೇ ಹೇಮಾವತಿಯ ದಂಡೆಯ ಹೊಳೆನರಸೀಪುರದಲ್ಲಿ ಅದರ ಅರ್ಧವೂ ಆಗುವುದಿಲ್ಲ. ಪೋರ್ಚುಗಲ್ಲಿನ ಡೋರೂ ನದಿಯ ಕಥೆಯೂ ಇದೇ, ದಿಕ್ಕು ಮಾತ್ರ ಬೇರೆ. ಅಲ್ಲಿ ಮರಾಂವ್ ಎಂಬ ಪರ್ವತಶ್ರೇಣಿ ಅಟ್ಲಾಂಟಿಕ್ ಸಾಗರದ ಮಳೆಯನ್ನು ತಡೆಯುತ್ತದೆ. ಅದರ ಪಶ್ಚಿಮದ ತೇವದ ನಾಡಿನಲ್ಲಿ ಮುಸುಕಿನ ಜೋಳದ ರೊಟ್ಟಿ. ಪೂರ್ವದ ಒಣ ಕಣಿವೆಯಲ್ಲಿ ಬಾದಾಮಿ, ಆಲಿವ್ ಮತ್ತು ಜಗತ್ಪ್ರಸಿದ್ಧವಾದ ಪೋರ್ಟ್ ಮದ್ಯದ ದ್ರಾಕ್ಷಿ. ದ್ರಾಕ್ಷಿ ಮಾಗುವ ಕಾಲದಲ್ಲಿ ಮಳೆ ಬಿದ್ದರೆ ಬೂಜುರೋಗ ತಪ್ಪಿದ್ದಲ್ಲ. ನಮ್ಮಲ್ಲಿಯೂ ದ್ರಾಕ್ಷಿ ನೆಲೆ ಕಂಡುಕೊಂಡದ್ದು ಮಲೆನಾಡಿನಲ್ಲಿ ಅಲ್ಲ, ಒಣ ಹವೆಯ ವಿಜಯಪುರದ ಕಡೆಯಲ್ಲಿ ಎಂಬುದನ್ನು ವಾಚಕರು ಗಮನಿಸಬಹುದು.

ಇಳಿಯುವ ನೀರಿನ ಶಕ್ತಿ

ಡೋರೂ ಕಣಿವೆಯ ದ್ರಾಕ್ಷಿನಾಡಿಗೆ ೧೭೫೬ರಲ್ಲಿಯೇ ಪೋಂಬಾಲಿನ ಮಾರ್ಕ್ವಿಸನ ಆಡಳಿತ ಗಡಿ ಗುರುತಿಸಿತು. ಮದ್ಯದ ಪೀಪಾಯಿಗಳು ಕಡಲ ಬಳಿಯ ಪೋರ್ಟೋ ಪಟ್ಟಣಕ್ಕೆ ಬರುತ್ತಿದ್ದುದು ಈ ನದಿಯ ಮೇಲೆಯೇ. ಆದರೆ ಆಗಿನ ಪ್ರಯಾಣ ವಿಹಾರವಾಗಿರಲಿಲ್ಲ. ರಬೆಲೋ ಎಂಬ ಚಪ್ಪಟೆ ತಳದ ದೋಣಿಯ ಹಿಂಭಾಗದಲ್ಲಿ ಉದ್ದನೆಯ ಚುಕ್ಕಾಣಿಯ ಹುಟ್ಟನ್ನು ಹಿಡಿದು, ಬಂಡೆಗಳ ನಡುವಿನ ರಭಸದಲ್ಲಿ ದೋಣಿಗಾರರು ಪ್ರಾಣವನ್ನು ಪಣವಿಟ್ಟು ಇಳಿಯುತ್ತಿದ್ದರು. ಹಿಂದಿರುಗುವಾಗ ಗಾಳಿ ಇದ್ದರೆ ಹಾಯಿ. ಇಲ್ಲದಿದ್ದರೆ ದಡದಿಂದ ಎತ್ತುಗಳು ದೋಣಿಯನ್ನು ಎಳೆಯಬೇಕು. ಈ ನದಿಯ ಪ್ರಸಿದ್ಧ ನಕ್ಷೆಯನ್ನು ತಯಾರಿಸಿದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬಾತನೇ ೧೮೬೧ರಲ್ಲಿ ವಲೈರಾ ಎಂಬಲ್ಲಿನ ಸುಳಿಗೆ ಸಿಕ್ಕಿ ಮಡಿದ. ನದಿಯ ತಿರುವುಗಳೆಲ್ಲವನ್ನೂ ಬಲ್ಲವನಿಗೇ ಈ ಗತಿಯಾಯಿತು.

ಇಷ್ಟು ರಭಸ ಬರುವುದು ಎಲ್ಲಿಂದ? ಪೋರ್ಟೋದಿಂದ ಸ್ಪೇನಿನ ಗಡಿಯ ಬಾರ್ಕಾ ದಾಲ್ವಾವರೆಗಿನ ಸುಮಾರು ೨೧೦ ಕಿಲೋಮೀಟರಿನಲ್ಲಿ ನದಿ ಸುಮಾರು ೧೨೫ ಮೀಟರ್ ಇಳಿಯುತ್ತದೆ. ಕಿಲೋಮೀಟರಿಗೆ ಅರವತ್ತು ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಕಾಣದಷ್ಟು ಅಲ್ಪವಾದ ಇಳಿಜಾರೆಂದು ತೋರಬಹುದು. ಆದರೆ ಯಾವ ತಡೆಯೂ ಇಲ್ಲದೆ ೧೨೫ ಮೀಟರ್ ಎತ್ತರದಿಂದ ಬಿದ್ದ ನೀರಿಗೆ ಗಂಟೆಗೆ ಸುಮಾರು ೧೮೦ ಕಿಲೋಮೀಟರ್ ವೇಗ ಬರಬೇಕು! ಯಾವ ನದಿಯೂ ಹಾಗೆ ಓಡುವುದಿಲ್ಲ. ಏಕೆಂದರೆ ನೀರು ತನ್ನ ಸ್ಥಾನಶಕ್ತಿಯನ್ನು ಹೆಜ್ಜೆಹೆಜ್ಜೆಗೂ ಬಂಡೆಗಳಿಗೆ ಉಜ್ಜಿ, ಸುಳಿಗಳಾಗಿ ತಿರುಗಿ ವ್ಯಯಮಾಡುತ್ತದೆ. ಆ ಶಕ್ತಿ ಕೊನೆಗೆ ಶಾಖವಾಗುತ್ತದೆ. ೪೨೭ ಮೀಟರ್ ಇಳಿದ ನೀರು ತನ್ನ ಎಲ್ಲ ಶಕ್ತಿಯನ್ನೂ ಶಾಖವಾಗಿಸಿದರೆ ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಮಾತ್ರ ಬಿಸಿಯಾಗುತ್ತದೆ. ಆದ್ದರಿಂದ ಈ ಶಾಖ ನಮ್ಮ ಕೈಗೆ ತಿಳಿಯುವುದಿಲ್ಲ. ನಮಗೆ ಕಾಣುವುದು ಆ ಶಕ್ತಿ ಶಾಖವಾಗುವ ದಾರಿಯಲ್ಲಿನ ನೊರೆ, ಮೊರೆತ, ಸುಳಿಗಳು. ದೋಣಿಗೆ ಅಪಾಯವೂ ಅಲ್ಲಿಯೇ.

ಹರಿವಿನ ವೇಗಕ್ಕೂ ಇಳಿಜಾರಿಗೂ ಇರುವ ಸಂಬಂಧವನ್ನು ೧೮ನೆಯ ಶತಮಾನದ ಫ್ರೆಂಚ್ ಎಂಜಿನಿಯರ್ ಆಂತ್ವಾನ್ ಶೆಜಿ ಸೂತ್ರರೂಪದಲ್ಲಿ ಕೊಟ್ಟ. ಇಳಿಜಾರು ನಾಲ್ಕರಷ್ಟಾದರೆ ವೇಗ ಎರಡರಷ್ಟಾಗುತ್ತದೆ; ಇಳಿಜಾರು ಒಂಬತ್ತನೆಯ ಒಂದು ಭಾಗಕ್ಕೆ ಇಳಿದರೆ ವೇಗ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೌಕೆ ನೆಮ್ಮದಿಯಾಗಿ ಸಾಗಬೇಕಾದರೆ ನದಿಯ ಇಳಿಜಾರನ್ನು ಹೇಗಾದರೂ ತೆಗೆದುಹಾಕಬೇಕು. ಆದರೆ ೧೨೫ ಮೀಟರ್ ಎತ್ತರವನ್ನು ಯಾರೂ ಮಾಯಮಾಡಲಾರರು. ಅದನ್ನು ಹರಡುವ ಬದಲು ಅಲ್ಲಲ್ಲಿ ಒಟ್ಟುಗೂಡಿಸಬಹುದು, ಅಷ್ಟೆ.

ನದಿಗೆ ಕಟ್ಟಿದ ಮೆಟ್ಟಿಲು

ಇದರ ಮರ್ಮವನ್ನು ತಿಳಿಯುವುದಕ್ಕೆ ಮಲೆನಾಡಿನವರು ಪೋರ್ಚುಗಲ್ಲಿಗೆ ಹೋಗಬೇಕಾಗಿಲ್ಲ. ಆಲೂರು, ಬೆಳಗೋಡುಗಳ ಕಡೆಯ ಯಾವುದೇ ಕಣಿವೆಯಲ್ಲಿ ನಿಂತು ಗದ್ದೆಗಳನ್ನು ನೋಡಿದರೆ ಸಾಕು. ಇಳಿಜಾರಾದ ನೆಲದ ಮೇಲೆ ನೀರು ನಿಲ್ಲದು. ಅದಕ್ಕಾಗಿ ರೈತ ನೆಲವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲನ್ನೂ ಮಟ್ಟಮಾಡಿ, ಅಂಚಿಗೆ ಬದು ಹಾಕಿದ್ದಾನೆ. ಗದ್ದೆಯೊಳಗೆ ನೀರು ಕನ್ನಡಿಯಂತೆ ನಿಶ್ಚಲ. ಇಳಿಯುವ ಕೆಲಸವೆಲ್ಲ ಬದುವಿನ ಗಂಡಿಯಲ್ಲಿ ನಡೆಯುತ್ತದೆ.

ಡೋರೂ ನದಿಗೆ ಎಂಜಿನಿಯರುಗಳು ಮಾಡಿದುದೂ ಇದನ್ನೇ. ೧೯೭೦ ಮತ್ತು ೮೦ರ ದಶಕಗಳಲ್ಲಿ ಅವರು ಈ ಭಾಗದಲ್ಲಿ ಐದು ಕಟ್ಟೆಗಳನ್ನು ಕಟ್ಟಿ ನದಿಯನ್ನು ಐದು ಗದ್ದೆಗಳನ್ನಾಗಿ ಮಾಡಿದರು. ಫಾರೆಸ್ಟರನನ್ನು ನುಂಗಿದ ವಲೈರಾದ ಸುಳಿಯೂ ಈಗ ಆಳವಾದ ನೀರಿನ ಕೆಳಗೆ ಅಡಗಿದೆ. ಕಟ್ಟೆಗಳ ನಡುವೆ ನೀರು ಆಳವಾಗಿಯೂ ಅಗಲವಾಗಿಯೂ ಇರುವುದರಿಂದ, ಅಷ್ಟೇ ನೀರು ಹರಿದರೂ ವೇಗ ಮಾತ್ರ ತಗ್ಗಿದೆ. ೧೯೯೦ರ ಹೊತ್ತಿಗೆ ಕಡಲಿನಿಂದ ಸ್ಪೇನಿನ ಗಡಿಯವರೆಗೆ ಇಡೀ ಜಲಮಾರ್ಗ ನೌಕೆಗಳಿಗೆ ತೆರೆಯಿತು. ಮೋಸೆಲ್ ನದಿ ಹೀಗೆಯೇ ಮೆಟ್ಟಿಲಾಗಿ ೧೯೬೪ರಲ್ಲಿ ದೊಡ್ಡ ನೌಕೆಗಳಿಗೆ ತೆರೆದಿತ್ತು. ೧೯೯೨ರಲ್ಲಿ ಮುಗಿದ ೧೭೧ ಕಿಲೋಮೀಟರಿನ ಕಾಲುವೆಯೊಂದು ನೌಕೆಗಳನ್ನು ಸಮುದ್ರಮಟ್ಟದಿಂದ ೪೦೬ ಮೀಟರ್ ಎತ್ತರಕ್ಕೆ ಹತ್ತಿಸಿ, ರೈನಿನ ಉಪನದಿ ಮೈನ್‌ನಿಂದ ಡಾನ್ಯೂಬಿಗೆ ದಾಟಿಸುತ್ತದೆ.

ಹಾಗಾದರೆ ನೌಕೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹತ್ತುವುದು ಹೇಗೆ? ಕಟ್ಟೆಯ ಪಕ್ಕದಲ್ಲಿ ಲಾಕ್ ಎಂದು ಕರೆಯುವ ಒಂದು ನೀರಿನ ಕೋಣೆಯಿದೆ. ಅದಕ್ಕೆ ಮೇಲಕ್ಕೊಂದು, ಕೆಳಕ್ಕೊಂದು ಬಾಗಿಲು. ಕೆಳಗಿನಿಂದ ಬಂದ ನೌಕೆ ಒಳಹೊಕ್ಕೊಡನೆ ಕೆಳಬಾಗಿಲನ್ನು ಮುಚ್ಚಿ, ಮೇಲಿನ ನೀರನ್ನು ತೂಬಿನ ಮೂಲಕ ಒಳಬಿಡುತ್ತಾರೆ. ನೀರು ಏರಿದಂತೆ ನೌಕೆಯೂ ಏರುತ್ತದೆ. ಮಟ್ಟ ಸರಿಸಮವಾದಾಗ ಮೇಲುಬಾಗಿಲು ತೆರೆಯುತ್ತದೆ. ಇಲ್ಲಿ ಪಂಪಿನ ಕೆಲಸವಿಲ್ಲ, ಗುರುತ್ವಾಕರ್ಷಣೆಯೇ ಎತ್ತುವ ಆಳು. ಡೋರೂ ನದಿಯ ಕರ್ರಪತೇಲು ಕಟ್ಟೆಯಲ್ಲಿ ನೌಕೆಗಳು ಹೀಗೆ ಒಂದೇ ಏಟಿಗೆ ೩೫ ಮೀಟರ್ ಏರುತ್ತವೆ.

ಆದರೆ ಪ್ರಕೃತಿಯಲ್ಲಿ ಪುಕ್ಕಟೆಯ ಕೂಲಿಯಿಲ್ಲ. ಆ ಕೋಣೆ ಸುಮಾರು ೮೬ ಮೀಟರ್ ಉದ್ದ, ೧೨ ಮೀಟರ್ ಅಗಲ. ಒಂದು ಸಲ ಅದು ತುಂಬಿ ಬರಿದಾಗುವಾಗ ಸುಮಾರು ೩೬,೦೦೦ ಘನಮೀಟರ್ ನೀರು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಅದೇ ನೀರು ವಿದ್ಯುಚ್ಚಕ್ರದ ಮೂಲಕ ಇಳಿದಿದ್ದರೆ, ಯಂತ್ರದ ನಷ್ಟವನ್ನು ಕಳೆದೂ ಸುಮಾರು ೩,೦೦೦ ಯೂನಿಟ್ ವಿದ್ಯುತ್ತು ಹುಟ್ಟುತ್ತಿತ್ತು. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಯೊಂದಕ್ಕೆ ಅದು ಎರಡೂವರೆ ವರ್ಷಕ್ಕೆ ಸಾಕು. ವಿಹಾರನೌಕೆಯ ನಿಧಾನಕ್ಕೆ ತೆರುವ ಬೆಲೆಯಲ್ಲಿ ಇದು ಚಿಕ್ಕ ಭಾಗ. ದೊಡ್ಡ ಭಾಗ ನೀರಿನ ಕೆಳಗಿದೆ. ಡೋರೂವನ್ನು ಸೇರುವ ಕೋವಾ ನದಿಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಜನ ಬಂಡೆಗಳ ಮೇಲೆ ಕುದುರೆ, ಕಾಡೆತ್ತುಗಳ ಚಿತ್ರಗಳನ್ನು ಕೊರೆದಿದ್ದರು. ಅವುಗಳಲ್ಲಿ ಕೆಲವು ಕೆಳಗಿನ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಹೋದವು. ಕೋವಾ ನದಿಗೇ ಇನ್ನೊಂದು ಕಟ್ಟೆ ಏಳುತ್ತಿದ್ದಾಗ ಉಳಿದ ಚಿತ್ರಗಳಿಗಾಗಿ ಜನ ಪ್ರತಿಭಟಿಸಿದರು. ೧೯೯೫ರಲ್ಲಿ ಅಲ್ಲಿನ ಸರ್ಕಾರ ಆ ಕೆಲಸವನ್ನು ನಿಲ್ಲಿಸಿತು.

ಹೇಮಾವತಿಯ ಓಟ

ಈಗ ನಮ್ಮ ನದಿಗೆ ಬರೋಣ. ಬಲ್ಲಾಳರಾಯನ ದುರ್ಗದ ಬಳಿ ಸುಮಾರು ೧,೨೧೯ ಮೀಟರ್ ಎತ್ತರದಲ್ಲಿ ಹುಟ್ಟುವ ಹೇಮಾವತಿ, ಸುಮಾರು ೨೪೫ ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತದೆ. ಆ ಸಾಗರದ ತುಂಬಿದ ಮಟ್ಟ ಸುಮಾರು ೭೫೨ ಮೀಟರ್. ಎಂದರೆ ನಮ್ಮ ನದಿ ಕಿಲೋಮೀಟರಿಗೆ ಸರಾಸರಿ ಎರಡು ಮೀಟರಿನಷ್ಟು ಇಳಿಯುತ್ತದೆ. ಡೋರೂವಿನ ಇಳಿಜಾರಿಗೆ ಇದು ಮೂರರಷ್ಟು. ಇದರಲ್ಲಿ ಹೆಚ್ಚಿನ ಇಳಿತ ಮೇಲ್ಭಾಗದ ಬೆಟ್ಟಗಳಲ್ಲಿಯೇ ಆಗುತ್ತದೆ.

ಇಳಿಜಾರಿಗಿಂತ ದೊಡ್ಡ ತೊಡಕು ಋತುವಿನದು. ಆಷಾಢ ಶ್ರಾವಣಗಳಲ್ಲಿ ಸಕಲೇಶಪುರದ ಹೊಳೆಮಲ್ಲೇಶ್ವರನ ಗುಡಿಯನ್ನೇ ಆವರಿಸುವ ನದಿ, ಮಾಘ ಕಳೆಯುವ ಹೊತ್ತಿಗೆ ಬಂಡೆಗಳ ನಡುವೆ ದಾರಿ ಹುಡುಕುವ ಹಳ್ಳದಂತಾಗುತ್ತದೆ. ಆಲ್ಪ್ಸ್ ಪರ್ವತದ ಹಿಮ ಕರಗಿ ಬೇಸಗೆಯಲ್ಲಿಯೂ ರೈನ್, ಡಾನ್ಯೂಬ್‌ಗಳಿಗೆ ನೀರುಣಿಸುತ್ತದೆ; ನಮ್ಮ ಘಟ್ಟಗಳಿಗೆ ಹಿಮದ ಉಗ್ರಾಣವಿಲ್ಲ. ಒಂದೂವರೆ ಮೀಟರ್ ಆಳದವರೆಗೆ ಮುಳುಗುವ ವಿಹಾರನೌಕೆಗೆ ಮಳೆಗಾಲದಲ್ಲಿ ರಭಸ ಹೆಚ್ಚು, ಬೇಸಗೆಯಲ್ಲಿ ಆಳ ಸಾಲದು.

ಇಂತಹ ನದಿಗಳನ್ನು ಬಲ್ಲ ನಮ್ಮ ಹಿರಿಯರು ನದಿಯನ್ನು ತಿದ್ದದೆ ದೋಣಿಯನ್ನೇ ತಿದ್ದಿದರು. ಕಾವೇರಿ, ತುಂಗಭದ್ರೆಗಳಲ್ಲಿ ಇಂದಿಗೂ ಕಾಣುವ ಹರಿಗೋಲನ್ನು ನೋಡಿ. ಎರಡು ಮೀಟರ್ ಅಡ್ಡಳತೆಯ ಬುಟ್ಟಿಯಲ್ಲಿ ನಾಲ್ವರು ಕುಳಿತರೆ, ಬುಟ್ಟಿಯ ತೂಕವೂ ಸೇರಿ ಸುಮಾರು ೩೦೦ ಕಿಲೋಗ್ರಾಂ. ಆರ್ಕಿಮಿಡೀಸನ ನಿಯಮದಂತೆ ಅಷ್ಟೇ ತೂಕದ ನೀರನ್ನು ಅದು ಪಕ್ಕಕ್ಕೆ ಸರಿಸಬೇಕು. ಅದಕ್ಕೆ ಹತ್ತು ಸೆಂಟಿಮೀಟರ್, ಎಂದರೆ ನಾಲ್ಕು ಅಂಗುಲ, ಮುಳುಗಿದರೆ ಸಾಕು. ಬಂಡೆಗಳ ಮೇಲೆ ಮೊಳಕಾಲುದ್ದ ನೀರಿದ್ದರೂ ಹರಿಗೋಲು ದಾಟೀತು. ಅದು ದಡದಿಂದ ದಡಕ್ಕೆ ಒಯ್ಯುವ ಸಾಧನ. ಊರಿನಿಂದ ಊರಿಗೆ ವಿಹರಿಸುವ ವಾಹನವಲ್ಲ.

ನಿಂತ ನೀರು

ಹೇಮಾವತಿಗೂ ಒಂದು ದೊಡ್ಡ ಮೆಟ್ಟಿಲು ಇದೆಯಲ್ಲ, ಗೊರೂರಿನ ಅಣೆಕಟ್ಟು, ಅದರ ಹಿನ್ನೀರಿನಲ್ಲಿ ನೌಕೆ ತೇಲಬಾರದೇಕೆ ಎಂದು ವಾಚಕರು ಕೇಳಬಹುದು. ೧೯೭೯ರಲ್ಲಿ ಮುಗಿದ ಈ ಜಲಾಶಯ ೩೭ ಟಿಎಂಸಿಯಷ್ಟು, ಎಂದರೆ ಸುಮಾರು ೧೦೫ ಕೋಟಿ ಘನಮೀಟರ್ ನೀರನ್ನು ಹಿಡಿಯುತ್ತದೆ. ನೌಕೆ ತೇಲುವುದಕ್ಕೆ ಇದು ಧಾರಾಳ. ಆದರೆ ಡೋರೂವಿನ ಕಟ್ಟೆಗೂ ಇದಕ್ಕೂ ಮೂಲಭೂತವಾದ ಭೇದವಿದೆ. ಅಲ್ಲಿನ ಕಟ್ಟೆಗಳು ಬಂದಷ್ಟು ನೀರನ್ನು ಮುಂದಕ್ಕೆ ಬಿಡುವಂಥವು. ಅವುಗಳ ಹಿಂದಿನ ಮಟ್ಟ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ನಮ್ಮದು ಮಳೆಗಾಲದಲ್ಲಿ ಕೂಡಿಟ್ಟು ಬೇಸಗೆಗೆ ಖರ್ಚುಮಾಡುವ ಕಣಜ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನಾಲೆಗಳಲ್ಲಿ ನೀರು ಹೋದಂತೆ ಮಟ್ಟ ಹತ್ತಾರು ಅಡಿ ಇಳಿಯಲೇಬೇಕು. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿನ ದಡದಲ್ಲಿ ನೀರು ಹತ್ತು ಮೀಟರ್ ಇಳಿದರೆ ದಂಡೆ ಅರ್ಧ ಕಿಲೋಮೀಟರ್ ಹಿಂದೆ ಸರಿಯುತ್ತದೆ. ಕಾರ್ತಿಕದಲ್ಲಿ ನೌಕೆ ಕಟ್ಟಿದ ಕಟ್ಟೆ ಚೈತ್ರದಲ್ಲಿ ಕೆಸರಿನ ಬಯಲಿನ ನಡುವೆ ನಿಂತಿರುತ್ತದೆ. ಮೇಲಾಗಿ ಈ ಅಣೆಕಟ್ಟಿಗೆ ಲಾಕ್ ಇಲ್ಲ. ಮೇಲಿನ ನೌಕೆ ಕೆಳಗಿಳಿಯಲಾರದು, ಕೆಳಗಿನದು ಮೇಲೇರಲಾರದು.

ಈ ಏರಿಳಿತವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಅಳತೆಗೋಲೊಂದು ಶೆಟ್ಟಿಹಳ್ಳಿಯಲ್ಲಿದೆ. ೧೮೬೦ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ರೋಸರಿ ಚರ್ಚಿನ ಗೋಡೆ ಕಮಾನುಗಳು ಮಳೆಗಾಲದಲ್ಲಿ ಹಿನ್ನೀರಿನೊಳಗೆ ಮುಳುಗಿ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ಕಾಣುತ್ತವೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅವರು ನೋಡುತ್ತಿರುವುದು ಒಂದು ಸುಂದರವಾದ ಪಾಳನ್ನು ಮಾತ್ರವಲ್ಲ. ಆ ಚರ್ಚಿಗೆ ಪ್ರಾರ್ಥನೆಗೆ ಬರುತ್ತಿದ್ದ ಊರಿತ್ತು. ಅದರಂತಹ ಇನ್ನೆಷ್ಟೋ ಊರುಗಳ ಮನೆ, ಗದ್ದೆ, ಗುಡಿಗಳು ಆ ನೀರಿನ ಕೆಳಗಿವೆ. ಕೆಳನಾಡಿನ ಬೆಳೆಗಾಗಿ ಮೇಲಿನ ಕಣಿವೆಯ ಜನ ತೆತ್ತ ಬೆಲೆ ಅದು. ನಿಂತ ನೀರಿನ ಮೇಲೆ ವಿಹಾರದ ಯೋಜನೆ ಹಾಕುವ ಯಾರೇ ಆಗಲಿ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಬೇಕು: ವರ್ಷದಲ್ಲಿ ಎಷ್ಟು ತಿಂಗಳು ನೀರಿನ ಮಟ್ಟ ನಿಲ್ಲುತ್ತದೆ? ನೌಕೆಯ ತಳಕ್ಕೆ ತಗುಲಬಹುದಾದ ಗೋಡೆ, ಮರದ ಬೊಡ್ಡೆಗಳು ಎಲ್ಲೆಲ್ಲಿವೆ? ಆ ನೀರನ್ನು ಕೂಡಿಟ್ಟಿರುವುದು ಯಾರಿಗಾಗಿ? ನೌಕೆಗಾಗಿ ಮಟ್ಟವನ್ನು ಕಾಯ್ದಿಟ್ಟರೆ ನಾಲೆಯ ಕೊನೆಯ ರೈತನ ಪೈರು ಒಣಗುತ್ತದೆ.

ನೌಕೆ ಇಲ್ಲವೆಂದ ಮಾತ್ರಕ್ಕೆ ಪ್ರಯಾಣವಿಲ್ಲವೆಂದು ಅರ್ಥವಲ್ಲ. ಮೂಡಿಗೆರೆಯ ಕಡೆಯಿಂದ ಹೊರಟು, ಸಕಲೇಶಪುರ, ಬೆಳಗೋಡು, ಆಲೂರುಗಳ ಸೀಮೆಯನ್ನು ದಾಟಿ, ಯಗಚಿ ಬಂದು ಕೂಡುವ ಗೊರೂರನ್ನು ನೋಡಿ, ಹೊಳೆನರಸೀಪುರದ ಮೇಲೆ ಅಕ್ಕಿಹೆಬ್ಬಾಳಿನವರೆಗೆ ನದಿಯ ಜೊತೆಜೊತೆಗೆ ರಸ್ತೆಯಲ್ಲಿ ನಿಧಾನವಾಗಿ ಇಳಿಯಬಹುದು. ಮೊದಲ ದಿನದ ಊಟದಲ್ಲಿ ಅಕ್ಕಿರೊಟ್ಟಿ, ಕಡುಬು, ಮಳೆಗಾಲವಾದರೆ ಕಳಲೆಯ ಪಲ್ಯ, ಮೇಲೆ ಕಾಫಿ. ಹಾಸನದ ಬಯಲಿಗೆ ಬಂದಂತೆ ಆಲೂಗೆಡ್ಡೆಯ ಹೊಲಗಳು. ತಟ್ಟೆಯಲ್ಲಿ ರಾಗಿಮುದ್ದೆ, ಅವರೆಕಾಳಿನ ಸಾರು. ಇನ್ನೂ ಕೆಳಗೆ, ಶ್ರೀರಾಮದೇವರ ಕಟ್ಟೆ, ಮಂದಗೆರೆಯ ಕಟ್ಟೆ ಮೊದಲಾದ ಹಳೆಯ ಅಣೆಗಳ ನಾಲೆಗಳು ಹರಿಯುವಲ್ಲಿ ಕಬ್ಬು, ತೆಂಗು, ಮತ್ತೆ ಬತ್ತ. ಅಕ್ಕಿ ರಾಗಿಗೆ ಎಡೆಗೊಡುವ ಆ ಎಡೆಯಲ್ಲಿಯೇ ಘಟ್ಟದ ಮಳೆ ತೀರಿತೆಂದು ತಿಳಿಯಬೇಕು. ರಾಗಿಯ ಹೊಲದ ನಡುವೆ ಬತ್ತ ಮತ್ತೆ ಹಸುರಾಗಿ ಕಾಣಿಸಿಕೊಂಡರೆ ಅಲ್ಲಿ ನದಿಯ ಇಳಿಜಾರನ್ನು ಯಾರೋ ಕಟ್ಟೆ ಕಟ್ಟಿ ಉಪಯೋಗಿಸಿಕೊಂಡಿದ್ದಾರೆಂದು ತಿಳಿಯಬೇಕು. ಹೀಗೆ ನೋಡಬಲ್ಲವನಿಗೆ ಹೇಮಾವತಿಯ ಇಳಿಜಾರು ಊಟದ ಎಲೆಯ ಮೇಲೆಯೇ ಕಾಣುತ್ತದೆ.